ಅತ್ತೆಯ ಊರಿಗೆ ಬೈಪಾಸ್

ರಸ್ತೆ ವಿನ್ಯಾಸ ಮಾಡುವವರಿಗೆ ಸ್ವಲ್ಪ ಸೊಕ್ಕು ಇರುತ್ತದೆ. ನನಗೂ ಇದೆ, ಮುಚ್ಚಿಡುವುದೇಕೆ? ಬೇರೆಯವರು ಇರುವ ರಸ್ತೆಯ ಮೇಲೆ ಓಡಾಡುತ್ತಾರೆ. ನಾವು ಇನ್ನೂ ಹುಟ್ಟದ ರಸ್ತೆಯ ಮೇಲೆ ಮನಸ್ಸಿನಲ್ಲೇ ಹತ್ತಾರು ಸಲ ಹೋಗಿ ಬಂದಿರುತ್ತೇವೆ. ಯಾರದೋ ಮದುವೆಗೆ ಹೋದರೂ ವಧೂವರರಿಗಿಂತ ಮೊದಲು, ಮಂಟಪದ ಗೇಟಿನಲ್ಲಿ ಕಾರು ತಿರುಗಿಸಲು ಎಷ್ಟು ಜಾಗ ಬಿಟ್ಟಿದ್ದಾರೆ ಎಂದು ನೋಡುವವರ ಪೈಕಿ ನಾನು. ಮಹಾಂತೇಶ ನಗರದ ನಮ್ಮ ಮನೆಯಿಂದ ತರಕಾರಿಗೆಂದು ಸ್ಕೂಟರ್ ಹತ್ತಿದರೆ ದಾರಿಯುದ್ದಕ್ಕೂ ಒಂದೊಂದು ತಿರುವಿನ ತಪ್ಪನ್ನೂ ಹಿಂದೆ ಕೂತ ಹೆಂಡತಿಗೆ ವಿವರಿಸುತ್ತೇನೆ. ನಿರ್ಮಲಾ ಎಲ್ಲವನ್ನೂ ಕೇಳಿ, "ಮೊದ್ಲ ಬ್ರೇಕ್ ಹಿಡೀರಿ, ಮುಂದ ಎಮ್ಮಿ ಐತಿ" ಎನ್ನುತ್ತಾಳೆ.

ಬೆಳಗಾವಿಯಲ್ಲಿ ನಾನಿರುವುದು ಒಂದು ಸಣ್ಣ ಖಾಸಗಿ ಕಚೇರಿಯಲ್ಲಿ. ಸರ್ಕಾರಿ ರಸ್ತೆಗಳಿಗೆ ಅಳತೆ, ನಕ್ಷೆ, ಅಂದಾಜು ಮಾಡಿಕೊಡುವುದು ಕೆಲಸ. ಈಚೆಗೆ ಖಾನಾಪುರದ ಕಡೆಯ ಒಂದು ರಸ್ತೆಯನ್ನು ಅಗಲ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ನಕ್ಷೆ ಬಿಡಿಸಿ ನೋಡುತ್ತೇನೆ, ರಸ್ತೆ ನೆಟ್ಟಗೆ ನನ್ನ ಹೆಂಡತಿಯ ತವರೂರಿನ ಹೊಟ್ಟೆಯೊಳಗೇ ಹಾದು ಹೋಗಿದೆ! ಊರಿನ ಹೆಸರು ಹೇಳುವುದಿಲ್ಲ, ಅಲ್ಲಿಯವರೂ ಓದುತ್ತಾರೆ. ಕೂಡಲೇ ಹೋಗಿ ನಮ್ಮ ಸಾಹೇಬರಿಗೆ, "ಸರ್, ಅದು ನಮ್ಮ ಬೀಗರ ಊರು" ಎಂದೆ. ಅವರು, "ಛಲೋ ಆತಲ್ರಿ, ಊಟದ ಚಿಂತಿ ಇಲ್ಲ. ಆದ್ರ ನಿಮ್ಮ ನಕ್ಷಾ ಇನ್ನೊಬ್ರು ತಪಾಸಣಿ ಮಾಡ್ಲಿ" ಎಂದರು. ಊಟದ ಚಿಂತೆಯ ಬಗ್ಗೆ ಅವರಿಗೇನು ಗೊತ್ತು!

ನನ್ನ ಅತ್ತೆ ಶಾಂತವ್ವನವರ ಮನೆ ಆ ರಸ್ತೆಗೆ ಅಂಟಿಕೊಂಡೇ ಇದೆ. ಮುಂದೆ ಒಂದು ಕಲ್ಲಿನ ಕಟ್ಟೆ, ಮಾವನವರೇ ನಿಂತು ಕಟ್ಟಿಸಿದ್ದು. ಸಂಜೆಯಾದರೆ ಅತ್ತೆ ಅದರ ಮೇಲೆ ಕೂರುತ್ತಾರೆ. ಖಾನಾಪುರದ ಬಸ್ಸಿನಿಂದ ಯಾರು ಇಳಿದರು, ಯಾರ ಕೈಯಲ್ಲಿ ಯಾವ ಅಂಗಡಿಯ ಚೀಲ, ಯಾರ ಸೊಸೆ ತವರಿನಿಂದ ಮುಖ ಊದಿಸಿಕೊಂಡು ಬಂದಳು ಎಲ್ಲವೂ ಅವರಿಗೆ ಬೇಕು. ಕನ್ನಡದವರನ್ನು ಕನ್ನಡದಲ್ಲಿ, ಮರಾಠಿಯವರನ್ನು ಮರಾಠಿಯಲ್ಲಿ ವಿಚಾರಿಸಿಕೊಂಡೇ ಒಳಗೆ ಹೋಗಿ ದೀಪ ಹಚ್ಚುವುದು. ಮನೆಯಲ್ಲಿ ಟೀವಿ ಇದೆ, ಆದರೆ ಅದರಲ್ಲಿ ಬರುವವರು ಅವರಿಗೆ ಪರಿಚಯದವರಲ್ಲ.

ಊರೊಳಗಿನ ರಸ್ತೆಯನ್ನು ಅಗಲ ಮಾಡಿದರೆ ಎರಡೂ ಬದಿಯ ಮನೆಗಳ ಪಡಸಾಲೆ ಹೋಗುತ್ತಿತ್ತು. ಅದಕ್ಕೇ ನಾನು ಊರ ಹಿಂದಿನ ಸರ್ಕಾರಿ ಬಂಜರಿನ ಮೇಲೆ ಒಂದು ಬೈಪಾಸ್ ಎಳೆದೆ. ಎಂಥ ಬೈಪಾಸ್ ಅದು! ಒಂದು ಮನೆ ಒಡೆಯುವುದಿಲ್ಲ, ಒಂದು ಮರ ಬೀಳುವುದಿಲ್ಲ. ತಪಾಸಣೆ ಮಾಡಿದ ಗೆಳೆಯ ಕೂಡ ತಲೆದೂಗಿದ. ಅತ್ತೆ ಹೋಳಿಗೆ ಮಾಡಿ ಬಡಿಸುತ್ತಾರೆ ಎಂದು ನಾನು ಒಳಗೊಳಗೇ ನಿರ್ಧರಿಸಿಬಿಟ್ಟೆ.

ಜನರ ಅಭಿಪ್ರಾಯ ಕೇಳಲು ಊರಿನ ಸಮುದಾಯ ಭವನದಲ್ಲಿ ಸಭೆ ಕರೆದರು. ನಾನು ಗೋಡೆಗೆ ನಕ್ಷೆ ತೂಗುಹಾಕಿ, "ಯಾರ ಮನೀನೂ ಹೋಗೂದಿಲ್ಲ" ಎಂದಾಗ ಚಪ್ಪಾಳೆ ಬಿತ್ತು. ಚಪ್ಪಾಳೆ ನಿಲ್ಲುವ ಹೊತ್ತಿಗೆ ಹೆಂಗಸರ ಸಾಲಿನಿಂದ ಅತ್ತೆ ಎದ್ದು ನಿಂತರು.

"ಸಾಹೇಬ್ರ," ಎಂದರು. ಯಾವಾಗಲೂ ಅಳಿಯಾರು ಎಂದು ಕರೆಯುವವರು! "ಬಸ್ಸು ಎಲ್ಲಿ ನಿಂದರತಾವ್ರಿ?"

"ಬೈಪಾಸಿನ ಮ್ಯಾಲ, ಊರ ಹೊರಗ. ಛಲೋ ತಂಗುದಾಣ ಕಟ್ತೀವ್ರಿ."

"ಮಳಿಗಾಲದಾಗ ಸಾಲಿ ಹುಡುಗ್ರು, ಹಾಲಿನ ಕ್ಯಾನ್ ಹಿಡಕೊಂಡ ಹೆಣ್ಮಕ್ಕಳು ಅಷ್ಟ ದೂರ ನಡೀಬೇಕೇನ್ರಿ? ಖಾನಾಪುರದ ಮಳಿ ನಿಮ್ಮ ನಕ್ಷಾದಾಗ ಐತೇನು?"

"ಬರೋಬರ್ ಆಹೆ, ಮಾವಶಿ!" ಎಂದು ಹಿಂದಿನಿಂದ ಒಬ್ಬ ಹಿರಿಯರು ಮರಾಠಿಯಲ್ಲಿ ದನಿಗೂಡಿಸಿದರು. ಈಗ ಚಪ್ಪಾಳೆ ಅತ್ತೆಗೆ ಬಿತ್ತು, ನನಗೆ ಬಿದ್ದದ್ದಕ್ಕಿಂತ ಜೋರಾಗಿ. ಅತ್ತೆಯ ನಿಜವಾದ ಸಂಕಟ ಏನೆಂದು ಆ ಸಭೆಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಬಸ್ಸಿಲ್ಲದ ರಸ್ತೆಗೆ ಮುಖ ಮಾಡಿ ಅವರು ಏನು ನೋಡಬೇಕು? ಆದರೆ ಅವರು ಹೇಳಿದ ಕಾರಣವೂ ಸುಳ್ಳಾಗಿರಲಿಲ್ಲ. ಅಂದು ಊಟಕ್ಕೆ ರೊಟ್ಟಿ, ಪುಂಡಿಪಲ್ಯ ಇತ್ತು. ಹೋಳಿಗೆಯ ಸುದ್ದಿ ಇರಲಿಲ್ಲ. ಬೆಳಗಾವಿಗೆ ವಾಪಸು ಹೊರಟು ದೇಸೂರು ದಾಟುವುದರೊಳಗೆ ನಿರ್ಮಲಾಳ ಫೋನ್ ಬಂತು. "ನಮ್ಮವ್ವನ ಊರಾಗಿಂದ ಬಸ್ಸು ಕಿತ್ತೀರಂತಲ್ಲ!"

ಸೋಲೊಪ್ಪುವವನಲ್ಲ ನಾನು. ಮತ್ತೆ ನಕ್ಷೆಯ ಮುಂದೆ ಕೂತೆ. ಕಬ್ಬಿನ ಟ್ರ್ಯಾಕ್ಟರು, ಲಾರಿಗಳು ಬೈಪಾಸಿನ ಮೇಲೆ ಹೋಗಲಿ, ಬಸ್ಸು ಊರೊಳಗೇ ಬರಲಿ, ಹಳೆಯ ರಸ್ತೆಗೆ ಗಟಾರು, ಫುಟ್‌ಪಾತ್ ಮಾಡಿ ನೀರು ನಿಲ್ಲದಂತೆ ನೋಡಿಕೊಳ್ಳೋಣ ಎಂದು ಲೆಕ್ಕ ಹಾಕಿದೆ. ಪಡಸಾಲೆಗಳು ಉಳಿದವು. ಆದರೆ ಗಟಾರಿಗೆ ಜಾಗ ಬೇಕಲ್ಲ? ಪ್ರತಿ ಮನೆಯ ಮುಂಗಟ್ಟೆ ಹೋಗಬೇಕಿತ್ತು. ಅತ್ತೆಯದಂತೂ ಪೂರ್ತಿ. ಅತ್ತೆಯ ಮನೆಯ ಹತ್ತಿರ ಗಟಾರನ್ನು ತುಸು ಆಚೆ ಸರಿಸಿ ನೋಡಿದೆ. ಗೆರೆ ಬಸುರಿಯಂತೆ ಹೊಟ್ಟೆ ಮುಂದೆ ಮಾಡಿಕೊಂಡು ಕಂಡಿತು. ನೋಡಿದವರು ಯಾರಾದರೂ ಅದರ ತಂದೆ ನಾನೇ ಎಂದು ಗುರುತಿಸುತ್ತಿದ್ದರು. ಅಳಿಸಿಹಾಕಿದೆ.

ಎರಡನೆಯ ಸಭೆಯಲ್ಲಿ ಇದನ್ನೆಲ್ಲ ಹೇಳಿದಾಗ ಚಪ್ಪಾಳೆ ಬರಲಿಲ್ಲ. ಇಡೀ ಊರು ಅತ್ತೆಯ ಕಡೆ ತಿರುಗಿತು. ಎಂಜಿನಿಯರನ ಅತ್ತೆಯ ಕಟ್ಟೆ ಉಳಿದರೆ ಎಲ್ಲರದೂ ಉಳಿಯಬೇಕು ಎನ್ನುವುದು ಅವರ ನ್ಯಾಯ. ಅತ್ತೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. ಮಾವನವರು ಚಾವಣಿ ನೋಡುತ್ತಿದ್ದರು.

"ಬಸ್ಸು ಮನಿ ಮುಂದ ಬರ್ತಾವ ಹೌದಲ್ರಿ?" ಕೊನೆಗೆ ಅತ್ತೆ ಕೇಳಿದರು.

"ಬರ್ತಾವ್ರಿ."

"ಹಂಗಾರ ಮೊದ್ಲ ನಮ್ಮ ಕಟ್ಟಿ ಒಡೀರಿ. ನಾ ಕುರ್ಚಿ ಹಾಕ್ಕೊಂಡ ಕುಂದರತೀನಿ."

ಆಮೇಲೆ ಯಾರೂ ತಕರಾರು ಮಾಡಲಿಲ್ಲ. ನನ್ನ ನಕ್ಷೆ ಪಾಸಾಯಿತು. ಒಡೆಯುವ ದಿನ ಹೋಗಿ ನೋಡುತ್ತೇನೆ, ಅತ್ತೆ ಬೆಳಗ್ಗೆಯೇ ಕಟ್ಟೆ ತೊಳೆದು ರಂಗೋಲಿ ಹಾಕಿಟ್ಟಿದ್ದಾರೆ! ಜೆಸಿಬಿಯವನು ನನ್ನ ಮುಖ ನೋಡಿದ. ನಾನು ನಕ್ಷೆ ನೋಡಿದೆ. "ಹೂಂ, ನಡಸಪಾ" ಎಂದು ಅತ್ತೆಯೇ ಹೇಳಬೇಕಾಯಿತು. ಅಂದು ನನಗೆ ಹೋಳಿಗೆ ಬಡಿಸಿದರು. ನನಗೆ ಸರಿಯಾಗಿ ಸೇರಲಿಲ್ಲ.

ರಸ್ತೆ ಮುಗಿದು ಈಗ ಒಂದು ಮಳೆಗಾಲವೂ ಕಳೆದಿದೆ. ನೀರು ನಿಲ್ಲುವುದಿಲ್ಲ, ಲಾರಿಗಳು ಊರ ಹೊರಗೇ ಹೋಗುತ್ತವೆ. ಹೊಗಳಿಕೆ ಕೇಳಲೆಂದೇ ಹೋದ ತಿಂಗಳು ಹೋಗಿದ್ದೆ. ಅತ್ತೆ ಕುರ್ಚಿಯಲ್ಲಿ ಸಪ್ಪಗೆ ಕೂತಿದ್ದರು.

"ರಸ್ತೆ ಛಲೋ ಆಗೇತ್ರಿ ಅಳಿಯಾರ, ಆದ್ರ ಭಾಳ ಛಲೋ ಆಗೇತಿ. ಬಸ್ಸು ಭರ್ ಅಂತ ಹೊಕ್ಕಾವು. ಒಳಗ ಕುಂತವ್ರ ಮಾರೀನ ಕಾಣಂಗಿಲ್ಲ. ಇಲ್ಲೊಂದು ಹಂಪ್ ಹಾಕಸ್ರಿ."

ನಾನು ನೆಟ್ಟಗೆ ಕೂತೆ. ಹಂಪ್ ಎನ್ನುವುದು ವಿನ್ಯಾಸಕಾರ ತನ್ನ ಸೋಲನ್ನು ರಸ್ತೆಯ ಮೇಲೆ ಗುಡ್ಡೆ ಹಾಕಿ ತೋರಿಸುವ ವಿಧಾನ, ನನ್ನ ಯಾವ ರಸ್ತೆಯಲ್ಲೂ ಅದು ಇಲ್ಲ, ಇರುವುದೂ ಇಲ್ಲ, ಹಂಪ್ ಹಾಕಲು ಸರಿಯಾದ ಕಾರಣ ಬೇಕಾಗುತ್ತದೆ ಎಂದು ಗಟ್ಟಿಯಾಗಿ, ಸಾವಧಾನವಾಗಿ ವಿವರಿಸಿದೆ. ಅತ್ತೆ ಅಡ್ಡಮಾತಾಡದೆ ಎಲ್ಲ ಕೇಳಿ, ಚಹಾ ತರಲು ಒಳಗೆ ಹೋದರು.

ಅವರ ಮನೆಯ ಬಾಜೂಕೇ ಅಂಗನವಾಡಿ ಇದೆ. ಮಕ್ಕಳ ಸುರಕ್ಷತೆಗಾಗಿ ಅಲ್ಲೊಂದು ಹಂಪ್ ಅತ್ಯಗತ್ಯ ಎಂದು ಕಳೆದ ವಾರ ಇಲಾಖೆಗೆ ಬರೆದು ಕಳಿಸಿದ್ದೇನೆ. ಕಾರಣ ಸರಿಯಾಗಿಯೇ ಇದೆ. ತಪಾಸಣೆ ಮಾಡಿದ ಗೆಳೆಯನೂ ಒಪ್ಪಿದ. ಅದು ಅಂಗನವಾಡಿಯ ಬಾಗಿಲಿಗಿಂತ ಅತ್ತೆಯ ಕುರ್ಚಿಗೆ ತುಸು ಹತ್ತಿರ ಏಕಿದೆ ಎಂದು ಮಾತ್ರ ಅವನು ಕೇಳಿಲ್ಲ. ಕೇಳಿದರೆ ಹೇಳಲು ಒಂದು ಉತ್ತರ ಸಿದ್ಧಪಡಿಸುತ್ತಿದ್ದೇನೆ.