ಬಸಣ್ಣನ ಟವೆಲ್ಲು

ಅಡುಗೆಮನೆಯೊಳಗೆ ಇಣುಕದೆ ಉಣ್ಣುವವನೇ ಸುಖಿ. ಇದು ಗೊತ್ತಿದ್ದೂ ನಾನೊಂದು ಬೆಳಿಗ್ಗೆ ನಮ್ಮ ಕ್ಯಾಂಟೀನಿನೊಳಗೆ ಇಣುಕಿಬಿಟ್ಟೆ. ಕುರೆಕುಪ್ಪದ ಹತ್ತಿರ ಅದಿರು ಲಾರಿ ರಿಪೇರಿ ಮಾಡುವ ಶೆಡ್ಡಿನಲ್ಲಿ ನಾನು ಸ್ಟೋರ್ ಕೀಪರ್. ಅಲ್ಲಿನ ಅಡುಗೆಯವನು ಪಾಪಿನಾಯಕನಹಳ್ಳಿಯ ಬಸಣ್ಣ. ಅವನ ಮಂಡಕ್ಕಿ ಒಗ್ಗರಣೆ, ಮಿರ್ಚಿಯ ಆಸೆಗೆ ರಜೆಯ ದಿನವೂ ಡ್ಯೂಟಿಗೆ ಬರುವವರಿದ್ದಾರೆ. ಅಂಥ ಬಸಣ್ಣ ಹೆಗಲ ಮೇಲಿನ ಟವೆಲ್ಲಿನಿಂದ ಮೊದಲು ಕತ್ತು ಒರೆಸಿಕೊಂಡ. ಆಮೇಲೆ ಬಾಣಲೆ ಒರೆಸಿದ. ಕೊನೆಗೆ ಅದರಲ್ಲೇ ನನ್ನ ತಟ್ಟೆಯನ್ನು ಫಳಫಳ ಉಜ್ಜಿ, "ಬರ್ರಿ ಸಾಹೇಬ್ರ, ಕುಂದ್ರಿ" ಎಂದ!

ನನಗೆ ಎಲ್ಲಿಲ್ಲದ ಉಮೇದು ಬಂತು. ಅಂದೇ ಹೊಸಪೇಟೆಗೆ ಓಡಿ ಸಾಬೂನು, ಟೊಪ್ಪಿಗೆ, ಗ್ಲೌಸು, ಹೊಸ ಒರಸುಬಟ್ಟೆ ಎಲ್ಲ ಹೊತ್ತು ತಂದೆ. ಬಸಣ್ಣ ಗ್ಲೌಸನ್ನು ಎರಡು ಬೆರಳಲ್ಲಿ ಎತ್ತಿ ನೋಡಿದ. "ನಾ ಏನು ಆಪರೇಷನ್ ಮಾಡ್ತೀನೇನ್ರಿ? ನನ್ನ ಟವೆಲ್ಲಿನ ಸುದ್ದಿಗೆ ಬರಬ್ಯಾಡ್ರಿ. ಬಂದ್ರ ನಾಳಿಂದ ನಾ ಬರಂಗಿಲ್ಲ!"

ಶೆಡ್ಡೇ ನಡುಗಿತು. ವೆಲ್ಡರ್ ಹುಸೇನಪ್ಪ ನನ್ನನ್ನು ಪಕ್ಕಕ್ಕೆ ಎಳೆದ. "ಸುಮ್ನಿರಪಾ. ಅಂವ ಹೋದ್ರ ನೀ ಮಾಡಿ ಹಾಕ್ತೀಯೇನು?" ನಾನು ತಂದದ್ದನ್ನೆಲ್ಲ ಗಂಟು ಕಟ್ಟಿ ಮೂಲೆಗಿಟ್ಟೆ. ನಾನು ಮಾಡಿದ ಉಪ್ಪಿಟ್ಟನ್ನು ನನ್ನ ಹೆಂಡತಿ ಗೋಡೆಯ ಬಿರುಕಿಗೆ ಮೆತ್ತಬಹುದೆಂದು ಶಿಫಾರಸು ಮಾಡಿದ್ದಳು.

ಆದರೂ ಉಮೇದು ಸುಮ್ಮನಿರಬೇಕಲ್ಲ! ಮರುದಿನ ಬಸಣ್ಣ ಟವೆಲ್ಲನ್ನು ಮೊಳೆಗೆ ಹಾಕಿ ಗ್ಯಾಸ್ ಸಿಲಿಂಡರ್ ತರಲು ಹೋದ. ನಾನು ಅದನ್ನು ಲಪಕ್ಕನೆ ಎಗರಿಸಿ, ಸೋಡಾಪುಡಿ ಹಾಕಿದ ಕುದಿನೀರಿನ ಬಕೆಟ್ಟಿಗೆ ಇಳಿಸಿದೆ. ಎಲ್ಲರೂ ಬೋಲ್ಟು ಬಿಚ್ಚುತ್ತಿದ್ದ ಪಾನಾ ಬಿಸಾಕಿ ಓಡಿ ಬಂದರು. ನೀರು ಕೆಂಪಾಯಿತು, ಕಪ್ಪಾಯಿತು, ಆಮೇಲೆ ಹೆಸರಿಲ್ಲದ ಒಂದು ಬಣ್ಣಕ್ಕೆ ತಿರುಗಿತು. ಕರಿಬೇವಿನ ಎಲೆಯೊಂದು ಮೇಲೆ ಬಂದು ತೇಲಿತು. "ಹೋ!" ಎಂದು ಹುಸೇನಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ.

ಅಷ್ಟರಲ್ಲಿ ಬಸಣ್ಣ ಬಂದ. ಗುಡುಗಲು ಬಾಯಿ ತೆರೆದವನು ಬಕೆಟ್ಟಿನೊಳಗೆ ಬಗ್ಗಿ ನೋಡಿ ಹಾಗೇ ನಿಂತುಬಿಟ್ಟ. "ಯವ್ವಾ! ಇದರಾಗ ನಾ ಮಾರಿ ಒರಸ್ಕೊಂತಿದ್ನಲ್ರೀ!" ನಮ್ಮ ತಟ್ಟೆಗಳ ನೆನಪು ಅವನಿಗೆ ಬರಲೇ ಇಲ್ಲ.

ಮಾರನೆಯ ದಿನ ಬಸಣ್ಣ ಟೊಪ್ಪಿಗೆ ಹಾಕಿಕೊಂಡು, ಸಾಬೂನು ಹಿಡಿದು ಬಾಗಿಲಲ್ಲಿ ನಿಂತಿದ್ದ! ಗೆದ್ದ ಖುಷಿಗೆ ನಾನು ಸೀದಾ ಒಳಗೆ ನುಗ್ಗಿ, ಚಟ್ನಿಯ ಮುಚ್ಚಳ ತೆಗೆದು, ರುಚಿ ನೋಡಲು ಬೆರಳು ಇಳಿಸಿದೆ. ಬಸಣ್ಣನ ಸಟ್ಟುಗ ಟಪ್ಪೆಂದು ಮಣಿಕಟ್ಟಿನ ಮೇಲೆ ಬಿತ್ತು. "ತೆಗೀರಿ ಕೈ! ಹೊರಗ ನಡೀರಿ, ತೊಳಕೊಂಡು ಬರ್ರಿ!" ಶೆಡ್ಡಿಗೆ ಶೆಡ್ಡೇ ಶಿಳ್ಳೆ ಹೊಡೆಯಿತು.

ನಾನು ಮೊಣಕೈವರೆಗೂ ಉಜ್ಜಿ, ಬಸಣ್ಣನಿಗೆ ಎರಡೂ ಕೈ ತಿರುಗಿಸಿ ತೋರಿಸಿ ಒಳಗೆ ಹೋಗುವಷ್ಟರಲ್ಲಿ ತಿಂಡಿಯ ಪಾತ್ರೆ ಖಾಲಿಯಾಗಿತ್ತು. ಸುಧಾರಕರೆಲ್ಲ ಆಗಾಗ ಉಪವಾಸ ಮಾಡುತ್ತಾರೆಂದು ಕೇಳಿದ್ದೆ. ಯಾಕೆಂದು ತಿಳಿದದ್ದು ಅವತ್ತೇ.