ಸಣ್ಣ ದಿನದ ಹೋಳಿಗೆ

ಮೆಂತ್ಯದ ಸೊಪ್ಪು ಸೋಸುತ್ತ ಕೂತಿದ್ದೆ. ಎದುರು ಮನೆಯ ಹಂಸಾಬೆನ್ ಬಾಗಿಲಲ್ಲಿ ನಿಂತು, ಹದಿನೆಂಟು ವರ್ಷದಿಂದ ದಿನಾ ಕೇಳುವಂತೆ, "ಊಟಾ ಆತೇನ್ರಿ?" ಎಂದರು. ಅವರು ಕಲಿತ ಕನ್ನಡ ಅಷ್ಟೇ. ಅವರ ಕಚ್ಛಿ ಭಾಷೆಯನ್ನು ನಾನು ಅಷ್ಟೂ ಕಲಿಯಲಿಲ್ಲ. ಉಳಿದದ್ದಕ್ಕೆಲ್ಲ ನಮ್ಮಿಬ್ಬರಿಗೂ ಮುಂಬೈ ಮುಲುಂಡಿನ ಹಿಂದಿ. ಆ ಹಿಂದಿಯಲ್ಲೇ ಸುದ್ದಿ ಹೇಳಿದರು: ಫ್ಲ್ಯಾಟ್ ಬಿಟ್ಟು, ಮೊದಲೇ ಹೋಗಿರುವ ಗಂಡನೊಂದಿಗೆ ಕಚ್ಛ್‌ಗೇ ಹೋಗಿ ಇರುತ್ತಾರಂತೆ. ನಾಳಿದ್ದು ಬೆಳಿಗ್ಗೆ ಆರಕ್ಕೆ ಟೆಂಪೋ.

ಸೊಪ್ಪು ಕೈಯಲ್ಲೇ ಉಳಿಯಿತು. ನನಗೆ ಕಾಮಾಲೆಯಾದಾಗ ಇದೇ ಹಂಸಾಬೆನ್ ತಿಂಗಳಿಡೀ ಸಂಜೆ ಐದೂವರೆಗೆ ಖಿಚಡಿ ತಂದು, ನಾನು ತಿಂದು ಮುಗಿಸುವತನಕ ಎದುರಿಗೇ ನಿಂತಿರುತ್ತಿದ್ದರು. ನಾನು ಮಾತ್ರ ಅವರನ್ನು ಒಂದು ದಿನವೂ ಕೂಡಿಸಿ ಊಟಕ್ಕೆ ಹಾಕಿಲ್ಲ. ಅವರು ಜೈನರು, ಸೂರ್ಯ ಮುಳುಗಿದ ಮೇಲೆ ಒಂದು ಗುಟುಕು ನೀರೂ ಮುಟ್ಟುವುದಿಲ್ಲ. ಚಳಿಗಾಲದಲ್ಲಿ "ದಿನ ದೊಡ್ಡದಾಗಲಿ, ಕರೆದರಾಯಿತು" ಎನ್ನುತ್ತಿದ್ದೆ. ಬೇಸಿಗೆಯಲ್ಲಿ ಊರಿನಿಂದ ನೆಂಟರು ಬರುತ್ತಿದ್ದರು. ಹೀಗೇ ಹದಿನೆಂಟು ವರ್ಷ ಕಳೆಯಿತು.

"ನಾಳೆ ಸಂಜೆ ನಮ್ಮಲ್ಲೇ ಊಟ," ಎಂದೆ.

"ಸೂರ್ಯ ಮುಳುಗೋದ್ರೊಳಗೆ, ಬೆಹನ್."

"ಅದನ್ನ ನನಗೆ ಹೇಳಬೇಕೇ?"

ಆ ಜಂಬಕ್ಕೆ ಕಾರಣವಿತ್ತು. ಇದು ಧನುರ್ಮಾಸ. ಸೂರ್ಯ ಹುಟ್ಟುವ ಮೊದಲೇ ದೇವರಿಗೆ ಬಿಸಿ ಹುಗ್ಗಿಯ ನೈವೇದ್ಯ ಆಗಬೇಕು, ಮತ್ತು ನಾನು ಮದುವೆಯಾದಂದಿನಿಂದ ಒಂದು ದಿನವೂ ತಪ್ಪಿಸಿದವಳಲ್ಲ. ಮುಂಬೈಯಲ್ಲಿ ಈ ದಿನಗಳಲ್ಲಿ ಸೂರ್ಯ ಏಳು ದಾಟಿದ ಮೇಲೇ ಮುಖ ತೋರಿಸುತ್ತಾನೆ. ಧಾರವಾಡದಲ್ಲಿರುವ ನನ್ನ ವಾರಗಿತ್ತಿಗಿಂತ ನನಗೆ ಹದಿನೈದು ನಿಮಿಷ ನಿದ್ದೆ ಹೆಚ್ಚು. ಇದು ನನಗೆಂದೇ ಮಾಡಿಟ್ಟ ಕೃಪೆಯೆಂದು ದಿನಾ ಹಾಸಿಗೆಯಲ್ಲೇ ಕೈಮುಗಿಯುತ್ತೇನೆ. ಹೀಗೆ ಸೂರ್ಯನ ಲೆಕ್ಕ ಇಟ್ಟವಳು ನನ್ನ ಹಾಗೆ ಇನ್ನೊಬ್ಬಳಿಲ್ಲವೆಂದು ತಿಳಿದಿದ್ದೆ.

ಮರುದಿನ ಬೆಳಿಗ್ಗೆ ನಮ್ಮವರು ಪೇಪರಿನಿಂದ ತಲೆಯೆತ್ತಿ, "ಇವತ್ತ ವರ್ಷದಾಗ ಎಲ್ಲಾಕ್ಕಿಂತ ಸಣ್ಣ ದಿನ ಅಂತ. ಲಗೂ ಲಗೂ ಮಾಡ್ಕೋ," ಎಂದರು.

"ದಿನ ಸಣ್ಣದಾತಂತ ನಿಮ್ಮ ಚಹಾ ಒಂದು ಕಪ್ ಕಡಿಮಿ ಆಗ್ತದೇನ್ರಿ?" ಎಂದು ಬಾಯಿ ಮುಚ್ಚಿಸಿದೆ.

ಎಣ್ಣೆಗಾಯಿ ಮಾಡುವಂತಿಲ್ಲ, ಅವರಿಗೆ ಬದನೆಕಾಯಿ ನಡೆಯದು. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಯಾವುದೂ ಇಲ್ಲ. ಆದರೂ ಐದು ಗಂಟೆಗೆ ಬಿಸಿ ಜೋಳದ ರೊಟ್ಟಿ, ಮೆಂತ್ಯದ ಪಲ್ಯ, ಶೇಂಗಾ ಚಟ್ನಿಪುಡಿ, ಸಾರು, ಅನ್ನ ಸಿದ್ಧವಾಗಿದ್ದವು. ಅಲ್ಲಿಗೆ ನಿಲ್ಲಿಸಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಹದಿನೆಂಟು ವರ್ಷಕ್ಕೊಮ್ಮೆ ಕರೆದು, ಎಲೆಗೆ ಮೊದಲು ಸಿಹಿ ಹಾಕದಿದ್ದರೆ ಹೇಗೆ? ಹೂರಣ ರುಬ್ಬಲು ಕೂತೆ.

ಹಂಸಾಬೆನ್ ಸರಿಯಾಗಿ ಐದೂವರೆಗೆ ಬಂದು ಕುರ್ಚಿಯ ತುದಿಯಲ್ಲಿ ಕೂತರು. "ಇಷ್ಟೇ ಬಹಳ ಆಯ್ತು ಬೆಹನ್, ಬಡಿಸಿಬಿಡಿ," ಎಂದರು.

"ಐದೇ ನಿಮಿಷ!"

ಮೊದಲನೆಯ ಹೋಳಿಗೆ ತವೆಯ ಮೇಲೆ ಹರಿಯಿತು. ಎರಡನೆಯದೂ ಹರಿಯಿತು. ಹರಿದದ್ದನ್ನು ಬಡಿಸಿ ಧಾರವಾಡದ ಮರ್ಯಾದೆ ಕಳೆಯಲೇ? ನಮ್ಮ ಅಡುಗೆಮನೆಯ ಕಿಟಕಿಗೆ ಪಕ್ಕದ ಬಿಲ್ಡಿಂಗಿನ ಗೋಡೆಯೇ ಆಕಾಶ. ಅಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಟ್ಯೂಬ್‌ಲೈಟೇ ಸೂರ್ಯ, ಅದು ಮುಳುಗುವುದೇ ಇಲ್ಲ. ಮೂರನೆಯದು ಹುಣ್ಣಿಮೆ ಚಂದ್ರನಂತೆ ದುಂಡಗೆ ಬಂತು. ತುಪ್ಪ ಸುರಿದು, ಗೆದ್ದವಳಂತೆ ಹೊರಗೆ ತಂದೆ.

ಹಂಸಾಬೆನ್ ಎದ್ದು ನಿಂತಿದ್ದರು. ಪಡಸಾಲೆಯ ಕಿಟಕಿಯಾಚೆ ಎರಡು ಟವರುಗಳ ನಡುವೆ ಒಂದಿಷ್ಟು ಕೆಂಪು ಮಾತ್ರ ಉಳಿದಿತ್ತು. ಗಡಿಯಾರದಲ್ಲಿ ಆರೂಹತ್ತು. ಅವರು ಹೋಳಿಗೆಗೆ ಕೈಮುಗಿದರು.

"ಒಂದು ಮಾತು ಹೇಳಬಾರದಿತ್ತೇ?"

"ಎಷ್ಟು ಪ್ರೀತಿಯಿಂದ ಮಾಡ್ತಿದ್ರಿ, ಬೆಹನ್. ಹೇಗೆ ಹೇಳಲಿ?"

ಕಟ್ಟಿಕೊಡಲೇ ಎಂದರೆ, ರಾತ್ರಿ ಕಳೆದ ಅಡುಗೆ ಅವರು ಮುಟ್ಟುವುದಿಲ್ಲ. ಬೆಳಿಗ್ಗೆ ಬಿಸಿ ಹುಗ್ಗಿ ಕೊಡಲೇ ಎಂದರೆ, ಸೂರ್ಯ ಹುಟ್ಟದೆ ಅವರು ಬಾಯಿಗೆ ಏನೂ ಹಾಕುವುದಿಲ್ಲ, ಟೆಂಪೋ ಆರಕ್ಕೇ ಹೊರಡುತ್ತದೆ. ನಾನು ದಿನಾ ಕೈಮುಗಿಯುತ್ತಿದ್ದ ತಡವಾದ ಸೂರ್ಯೋದಯ ಹೀಗೂ ಕೆಲಸಕ್ಕೆ ಬಂತು.

ತಮ್ಮ ಬಾಗಿಲಿಗೆ ಹೋಗಿ ಹಂಸಾಬೆನ್ ತಿರುಗಿದರು. ಅಭ್ಯಾಸಬಲ, ಬೇರೇನಿಲ್ಲ: "ಊಟಾ ಆತೇನ್ರಿ?"

ಹಸಿದಿದ್ದರೂ "ಆತ್ರಿ" ಎಂದೇ ಹೇಳುತ್ತ ಬಂದವಳು ನಾನು. ಅಂದು ಮೊದಲ ಸಲ "ಇಲ್ರಿ" ಎಂದೆ. ಅವರಿಗೆ ಆ ಉತ್ತರ ಗೊತ್ತಿರಲಿಲ್ಲ. ನಕ್ಕು ಬಾಗಿಲು ಹಾಕಿಕೊಂಡರು.

ನಮ್ಮವರು ಹರಿದ ಹೋಳಿಗೆಗಳನ್ನು ಬಾಯಿಗಿಟ್ಟು, "ರುಚಿ ಏನ ಹರದಿಲ್ಲಲಾ," ಎಂದರು. ಅದು ನನಗೂ ಗೊತ್ತಿತ್ತು. ಅರ್ಧ ತಾಸು ಮೊದಲು ಗೊತ್ತಾಗಬೇಕಿತ್ತು. ದುಂಡನೆಯದನ್ನು ಯಾರೂ ಮುಟ್ಟಲಿಲ್ಲ.

ಎಲ್ಲಿಗೂ ಹೋಗದ ದೇವರಿಗೆ ಇಷ್ಟು ವರ್ಷ ಒಂದು ನಿಮಿಷವೂ ತಡಮಾಡಿಲ್ಲ. ಹೊರಟು ನಿಂತವರನ್ನು ಮಾತ್ರ ಐದೇ ನಿಮಿಷ ಎಂದು ಕೂಡಿಸಿದೆ. ನಾಳೆಯ ಹುಗ್ಗಿಗೆ ಹೆಸರುಬೇಳೆ ಆರಿಸಬೇಕಿತ್ತು. ಟ್ಯೂಬ್‌ಲೈಟಿನ ಕೆಳಗೆ ತಟ್ಟೆ ಹಿಡಿದು ಕೂತೆ.