ಹಾಳೆಯ ಹಿಂಬದಿ

ನನಗೆ ಓದಲು ಬರುತ್ತದೆ ಎಂಬ ವಿಷಯದಲ್ಲಿ ನನಗಾಗಲಿ, ನನ್ನ ಸುತ್ತಲಿನವರಿಗಾಗಲಿ ಮೊನ್ನೆ ಮೊನ್ನೆಯವರೆಗೆ ಯಾವ ಅನುಮಾನವೂ ಇರಲಿಲ್ಲ. ಈಜಲು ಬರುವುದಿಲ್ಲ, ಕುಕ್ಕರಿನ ಮುಚ್ಚಳ ಮೊದಲ ಸಲಕ್ಕೇ ಸರಿಯಾಗಿ ಹಾಕಲು ಬರುವುದಿಲ್ಲ, ಹದಿನಾಲ್ಕು ವರ್ಷದಿಂದ ಕೋಲ್ಕತ್ತಾದಲ್ಲಿದ್ದರೂ ಬಂಗಾಳಿಯಲ್ಲಿ ಜಗಳವಾಡಲು ಬರುವುದಿಲ್ಲ. ಇದನ್ನೆಲ್ಲ ನಾನು ಯಾರೆದುರು ಬೇಕಾದರೂ ಒಪ್ಪಿಕೊಳ್ಳುತ್ತೇನೆ. ಆದರೆ ಓದಿನ ಮಾತು ಬೇರೆ. ಡಮ್ ಡಮ್‌ನಲ್ಲಿ ಮೆಟ್ರೊ ಹತ್ತಿ ಕಾಳಿಘಾಟ್‌ನಲ್ಲಿ ಇಳಿಯುವಷ್ಟರಲ್ಲಿ ಕಾದಂಬರಿಯ ಐವತ್ತು ಪುಟ ಮುಗಿಸುವವನು ನಾನು. ಅಲಿಪುರದ ನಮ್ಮ ಸರ್ಕಾರಿ ಕಚೇರಿಯಲ್ಲಿ ದಿನಕ್ಕೆ ನಲವತ್ತು ಪತ್ರ ಓದಿ ನಲವತ್ತಕ್ಕೂ ಉತ್ತರ ಬರೆಯುವವನು. ಇಂಥವನಿಗೆ ಮೂರನೇ ಕ್ಲಾಸಿನ ಮಟ್ಟದ ಓದೂ ಬರುವುದಿಲ್ಲ ಎಂದು ಹೊರಬಿದ್ದದ್ದು ಒಂದು ಛತ್ರಿಯ ದೆಸೆಯಿಂದ.

ನನ್ನ ಮಗಳು ಚಾರ್ವಿ ಮೂರನೇ ಕ್ಲಾಸು. ಅವಳ ಶಾಲೆಯಲ್ಲಿ ಒಂದು ಚಂದದ ಪದ್ಧತಿಯಿದೆ. ಯಾರು ಕಥೆಯನ್ನು ಚೆನ್ನಾಗಿ ಅರ್ಥಮಾಡಿಕೊಂಡು ಓದುತ್ತಾರೋ ಅಂಥವರನ್ನು ಆರಿಸಿ, ಒಂದನೇ ಕ್ಲಾಸಿನ ಮಕ್ಕಳಿಗೆ ಕಥೆ ಓದಿಹೇಳಲು ಕಳಿಸುತ್ತಾರೆ. ಓದುವವರಿಗೆ ಎತ್ತರದ ಕುರ್ಚಿ, ಕೇಳುವವರಿಗೆ ಚಾಪೆ. ಚಾರ್ವಿಗೆ ಆ ಕುರ್ಚಿಯ ಮೇಲೆ ಕಣ್ಣು. ಹಾಗಾಗಿ ಒಂದು ಸಂಜೆ ಪ್ರಶ್ನೆಗಳಿದ್ದ ಹಾಳೆಯೊಂದನ್ನು ಹಿಡಿದು ಬಂದಳು.

"ಪಪ್ಪಾ, ಸ್ಟೋರಿ ಓದಿ ಆನ್ಸರ್ ಬರಿಬೇಕು. ಮೇನ್ ಕ್ಯಾರೆಕ್ಟರ್, ಸೆಟ್ಟಿಂಗ್, ಪ್ರಾಬ್ಲಮ್, ಸೊಲ್ಯೂಷನ್ ಎಲ್ಲ ಉಂಟು. ನಾನೇ ಬರಿತೇನೆ. ನೀವು ಬರೀ ಚೆಕ್ ಮಾಡಿ."

ಚೆಕ್ ಮಾಡುವುದೇ! ಸಾಹಿತ್ಯದ ವಿಷಯ ಮನೆ ಬಾಗಿಲಿಗೆ ಬಂದಿರುವಾಗ ಬರೀ ಚೆಕ್ ಮಾಡಿ ಕಳಿಸುವವನಲ್ಲ ನಾನು. ನಮ್ಮ ಕಾಲದಲ್ಲಿ ಈ ಭಾಗ್ಯ ಇರಲಿಲ್ಲ ನೋಡಿ. ಉಡುಪಿ ಕಡೆಯ ನನ್ನ ಶಾಲೆಯಲ್ಲಿ ಪ್ರಶ್ನೆಯ ಕೊನೆಯ 'ಏಕೆ' ತೆಗೆದು, ಪಾಠದಲ್ಲಿ ಅದೇ ಮಾತು ಎಲ್ಲಿದೆ ಎಂದು ಹುಡುಕಿ, ಆ ಸಾಲನ್ನೂ ಅದರ ಮುಂದಿನ ಸಾಲನ್ನೂ ಇಳಿಸಿದರೆ ಉತ್ತರ ಮುಗಿಯಿತು. ಸಾರಾಂಶ ಕೇಳಿದರೆ 'ಈ ಪಾಠವು ನಮಗೆ ಒಳ್ಳೆಯ ನೀತಿಯನ್ನು ಬೋಧಿಸುತ್ತದೆ' ಎಂದು ಬರೆಯುವುದು; ಪಾಠ ಗಾಳಿಯಂತ್ರದ ಬಗ್ಗೆ ಇದ್ದರೂ ಎರಡು ಅಂಕ ಖಚಿತ. ಪಾತ್ರವೆಂದರೇನು, ಸನ್ನಿವೇಶವೆಂದರೇನು ಎಂದು ನಮ್ಮನ್ನು ಯಾರೂ ಕೇಳಲಿಲ್ಲ. ಮೂವತ್ತು ವರ್ಷದಿಂದ ಒಳಗೆ ಕಟ್ಟಿಕೊಂಡಿದ್ದ ಉತ್ತರಗಳೆಲ್ಲ ಅಂದು ಒಮ್ಮೆಲೇ ಹೊರಬಂದವು.

ಕಥೆ ಸಣ್ಣದು. ಮೀನಾ ಎಂಬ ಹುಡುಗಿಗೆ ಅವಳಜ್ಜಿ ತನ್ನ ದೊಡ್ಡ ಕಪ್ಪು ಛತ್ರಿ ಕೊಟ್ಟು ಶಾಲೆಗೆ ಕಳಿಸುತ್ತಾಳೆ. ಉಳಿದ ಹುಡುಗಿಯರ ಛತ್ರಿಗಳಲ್ಲಿ ಹೂವು, ಚಿಟ್ಟೆ. ನಾಚಿಕೆಯಾಗಿ ಮೀನಾ ತನ್ನ ಛತ್ರಿಯನ್ನು ಗೇಟಿನ ಕಾವಲುಗಾರನ ಸ್ಟೂಲಿನ ಹಿಂದೆ ಬಚ್ಚಿಡುತ್ತಾಳೆ. ಕಥೆ ಅಲ್ಲಿಗೆ ನಿಂತಿತ್ತು. ಎಂಥ ಮುಕ್ತಾಯ ಎಂದು ನಾನು ತಲೆದೂಗಿದೆ.

"ಮೇನ್ ಕ್ಯಾರೆಕ್ಟರ್ ಮೀನಾ ಅಲ್ವಾ ಪಪ್ಪಾ?"

"ಎಲ್ಲರೂ ಹಾಗೇ ಬರೀತಾರೆ. ನೀನು ಸ್ವಲ್ಪ ಆಳಕ್ಕೆ ಹೋಗ್ಬೇಕು. ಪ್ರತಿ ಸಾಲಲ್ಲೂ ಎಂತ ಉಂಟು? ಛತ್ರಿ. ಹಾಗಾದ್ರೆ ಮುಖ್ಯಪಾತ್ರ ಯಾರು?"

"ಅಂಬ್ರೆಲ್ಲಾ?" ಎಂದಳು, ಅನುಮಾನದಿಂದಲೇ. ಅವಳು ಆಗಲೇ ಬರೆದಿದ್ದ 'ಮೀನಾ'ವನ್ನು ರಬ್ಬರಿನಿಂದ ಅಳಿಸಿಹಾಕಿಸಿದೆ.

ಹೀಗೆ ಮುಂದುವರಿಯಿತು. ಕಥೆ ಎಲ್ಲಿ ನಡೆಯುತ್ತದೆ? 'ಮೀನಾಳ ಮನಸ್ಸಿನಲ್ಲಿ.' ಸಮಸ್ಯೆ ಏನು? 'ಎರಡು ತಲೆಮಾರುಗಳ ಅಂತರ.' ಪರಿಹಾರ? 'ಪರಿಹಾರವಿಲ್ಲ. ಅದನ್ನು ಓದುಗರಿಗೇ ಬಿಡಲಾಗಿದೆ.' ಮುಖ್ಯ ವಿಚಾರ? 'ಹೊಸತರ ಮುಂದೆ ಹಳೆಯ ವಸ್ತುಗಳ ಒಂಟಿತನ.' ಲೋನ್ಲಿನೆಸ್‌ನ ಸ್ಪೆಲ್ಲಿಂಗ್ ಕೇಳಿ ಬರೆದುಕೊಂಡು, ಪೆನ್ಸಿಲ್ ಕಚ್ಚುತ್ತ ಅವಳು ಒಂದೇ ಒಂದು ಮಾತು ಹೇಳಿದಳು: "ಮಿಸ್ ಇಷ್ಟೆಲ್ಲ ಕೇಳ್ಲಿಲ್ಲ ಪಪ್ಪಾ." ಅವರಿಗೆ ಸಂತೋಷವಾಗುತ್ತದೆ ಎಂದೆ.

ನಾಲ್ಕನೇ ದಿನ ಹಾಳೆ ಮರಳಿ ಬಂತು. ಹತ್ತಕ್ಕೆ ಎರಡು. ಕೆಳಗೆ ಶ್ರಾಬಣಿ ಮಿಸ್ಸಿನ ದುಂಡಗಿನ ಅಕ್ಷರದಲ್ಲಿ ಒಂದು ಟಿಪ್ಪಣಿ. ಅದನ್ನು ನನ್ನ ಹೆಂಡತಿ ಗಿರಿಜಾ ಮೊದಲು ಮನಸ್ಸಿನಲ್ಲಿ, ಆಮೇಲೆ ನನ್ನ ಮುಖ ನೋಡಿ ಗಟ್ಟಿಯಾಗಿ, ಕನ್ನಡದಲ್ಲೇ ಓದಿದಳು. 'ಮಗುವಿಗೆ ಸಹಾಯ ಮಾಡಿದವರು ದಯವಿಟ್ಟು ಹಾಳೆಯ ಹಿಂಬದಿಯನ್ನೂ ಓದಬೇಕು.'

ಹಾಳೆಗೆ ಹಿಂಬದಿಯೂ ಇತ್ತು! ಅಲ್ಲಿ ಧಾರಾಳವಾಗಿ ಮಳೆ ಸುರಿಯುತ್ತಿತ್ತು. ಹೂವು ಚಿಟ್ಟೆಗಳ ಛತ್ರಿಗಳೆಲ್ಲ ಗಾಳಿಗೆ ಮಗುಚಿ ಹೋಗಿದ್ದವು. ಮೀನಾ ಓಡಿಹೋಗಿ ಅಜ್ಜಿಯ ಛತ್ರಿ ತರುತ್ತಾಳೆ, ಐದು ಹುಡುಗಿಯರು ಅದರ ಕೆಳಗೆ ಒತ್ತೊತ್ತಾಗಿ ನಗುತ್ತ ಮನೆಗೆ ಹೋಗುತ್ತಾರೆ. ಒಂಟಿತನದ ಸುಳಿವೂ ಇರಲಿಲ್ಲ.

ಗಿರಿಜಾ ಧಾರವಾಡದವಳು. ಮಾತಿಗೆ ಸಕ್ಕರೆ ಸವರುವ ರೂಢಿ ಅವಳಿಗಿಲ್ಲ. "ಅಲ್ರೀ, ಮೂರನೇತ್ತಾ ಹುಡುಗಿ ಕಥಿ ಪೂರಾ ಓದೂದ ಬಿಟ್ಟು ಓದುಗರಿಗೆ ಬಿಟ್ಟಾರ ಅಂತ ಬರಸೀರಲ್ಲ! ಯಾರು ಬಿಟ್ಟಾರ? ನೀವ ಬಿಟ್ಟೀರಿ!" ಎಂದು ಶುರು ಮಾಡಿದವಳಿಗೆ ನಗು ತಡೆಯಲಾಗದೆ ಗೋಡೆ ಹಿಡಿದುಕೊಳ್ಳಬೇಕಾಯಿತು. ನನಗೂ ನಗು ಬರುವುದರಲ್ಲಿತ್ತು. ಅಷ್ಟರಲ್ಲಿ ಚಾರ್ವಿಯ ಮುಖ ಕಂಡಿತು.

"ನಂಗೆ ಇನ್ನು ಚೇರ್ ಸಿಗೂದಿಲ್ಲ," ಎಂದಳು. ಕಣ್ಣು ತುಂಬಿತ್ತು. "ನಾನು ಮೀನಾ ಅಂತ್ಲೇ ಬರೆದಿದ್ದೆ. ನೀವು ರಬ್ ಮಾಡ್ಸಿದ್ರಿ. ನೀವೇ ಬಂದು ಮಿಸ್ ಹತ್ರ ಹೇಳಿ."

ಮೇಲಧಿಕಾರಿಗಳ ಮುಂದೆ ತಪ್ಪನ್ನು ಸುತ್ತಿ ಬಳಸಿ ಹೇಳಿ, ಕೊನೆಗೆ ಅದು ಯಾರ ತಪ್ಪೂ ಅಲ್ಲ ಎಂಬಲ್ಲಿಗೆ ಮುಟ್ಟಿಸುವುದರಲ್ಲಿ ನನಗೆ ಸಾಕಷ್ಟು ಅನುಭವವಿದೆ. ಶನಿವಾರ ಶಾಲೆಯ ಮೆಟ್ಟಿಲು ಹತ್ತುವಾಗ ಅಂಥದ್ದೊಂದು ಭಾಷಣ ತಯಾರಾಗಿತ್ತು. ಆದರೆ ಶ್ರಾಬಣಿ ಮಿಸ್ ಎಂಬ ಆ ಬಿಳಿಗೂದಲಿನ, ಹತ್ತಿ ಸೀರೆಯ ಹೆಂಗಸು "ಬನ್ನಿ, ಕೂತುಕೊಳ್ಳಿ" ಎಂದು ತೋರಿಸಿದ್ದು ಮಕ್ಕಳ ಬೆಂಚನ್ನು. ಕೂತರೆ ಮೊಣಕಾಲು ಗದ್ದಕ್ಕೆ ಬಂತು. ಗದ್ದಕ್ಕೆ ಮೊಣಕಾಲು ತಾಗಿಸಿಕೊಂಡು ಯಾರೂ ಸುತ್ತಿ ಬಳಸಿ ಮಾತಾಡಲಾರರು. "ತಪ್ಪು ನನ್ನದು ಮಿಸ್. ಅವಳು ಸರಿಯಾಗಿಯೇ ಬರೆದಿದ್ದಳು. ನಾನು ಅಳಿಸಿಬಿಟ್ಟೆ," ಎಂದೆ, ನನಗೆ ಬರುವ ಅರೆಬರೆ ಬಂಗಾಳಿಯಲ್ಲೇ.

ಅವರು ಕನ್ನಡಕದ ಮೇಲಿಂದ ನೋಡಿದರು. "ಹಾಗಾದರೆ ಅವಳಿಗೆ ಇನ್ನೊಂದು ಕಥೆ ಕೊಡುತ್ತೇನೆ. ನಿಮಗೂ ಒಂದು ಪ್ರತಿ," ಎಂದರು. ನಾನು ಬೇಡವೆನ್ನುವಷ್ಟರಲ್ಲಿ ಚಾರ್ವಿ ತನ್ನ ಕಂಪಾಸ್ ಬಾಕ್ಸಿನಿಂದ ಪೆನ್ಸಿಲೊಂದನ್ನು ತೆಗೆದು ನನ್ನ ಕೈಗಿಟ್ಟಳು. "ನೋಡಿ ಬರಿಬಾರ್ದು ಪಪ್ಪಾ," ಎಂದು ನಡುವೆ ಚೀಲ ಬೇರೆ ಅಡ್ಡ ಇಟ್ಟಳು.

ಮೊದಲು ಹಾಳೆ ತಿರುಗಿಸಿ ಹಿಂಬದಿ ನೋಡಿದೆ. ಖಾಲಿ. ಕಥೆ ಇಷ್ಟು: ಟ್ರಾಮಿನಲ್ಲಿ ಒಬ್ಬ ಮುದುಕ ಕಿಟಕಿ ಪಕ್ಕದ ಸೀಟಿನಲ್ಲಿ ಕೂತಿದ್ದಾನೆ. ಪುಟ್ಟ ಹುಡುಗಿಯೊಬ್ಬಳು ಹತ್ತಿ, ಹೊರಗೆ ನೋಡಲು ಕತ್ತು ಚಾಚುತ್ತಾಳೆ. ಮುದುಕ ಎದ್ದು, 'ನನಗೆ ಗಾಳಿ ಆಗುವುದಿಲ್ಲ ಮಗು, ನೀನಿಲ್ಲಿ ಕೂತುಕೋ' ಎಂದು ಜಾಗ ಬಿಟ್ಟುಕೊಡುತ್ತಾನೆ. ಆಮೇಲೆ ದಾರಿಯುದ್ದಕ್ಕೂ ಅವಳ ತಲೆಯ ಮೇಲಿಂದ ಬಗ್ಗಿ ಹೊರಗೆ ನೋಡುತ್ತಲೇ ಇರುತ್ತಾನೆ. ಕೊನೆಯ ಪ್ರಶ್ನೆ: ಮುದುಕನಿಗೆ ಕಿಟಕಿಯ ಗಾಳಿ ಇಷ್ಟವಿತ್ತೇ?

ಈ ಸಲ ನಾನು ಎಚ್ಚರದಿಂದಿದ್ದೆ. ಆಳವೂ ಬೇಡ, ತಲೆಮಾರೂ ಬೇಡ. ಕಥೆಯಲ್ಲಿ ಏನಿದೆಯೋ ಅದು. 'ಇಲ್ಲ. ಗಾಳಿ ಆಗುವುದಿಲ್ಲ ಎಂದು ಮುದುಕನೇ ಸ್ಪಷ್ಟವಾಗಿ ಹೇಳಿದ್ದಾನೆ' ಎಂದು ಬರೆದು, ಅಡಿಗೆರೆಯನ್ನೂ ಎಳೆದೆ. ಚಾರ್ವಿ ಬರೆದದ್ದು: 'ಇಷ್ಟ ಇತ್ತು. ಹುಡುಗಿ ಖುಷಿಯಿಂದ ಕೂರಲಿ ಅಂತ ಅವನು ಹಾಗೆ ಹೇಳಿದ್ದು.'

ಮಿಸ್ ಇಬ್ಬರ ಹಾಳೆಯನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಅವಳಿಗೆ ಒಂಬತ್ತು. ನನಗೆ ಐದು. "ದಾದಾ, ಕಥೆ ಹೇಳದೆ ಬಿಟ್ಟದ್ದನ್ನು ಊಹಿಸಬೇಕು. ಆದರೆ ಕಥೆ ಹೇಳಿದ್ದರಿಂದಲೇ ಊಹಿಸಬೇಕು. ನೀವು ಮೊದಲ ಸಲ ಇಲ್ಲದ್ದನ್ನೆಲ್ಲ ಓದಿದಿರಿ. ಈ ಸಲ ಇದ್ದದ್ದನ್ನೂ ಓದಲಿಲ್ಲ," ಎಂದು ನಕ್ಕರು. ಅಷ್ಟು ಪ್ರೀತಿಯಿಂದ ನನ್ನನ್ನು ಫೇಲ್ ಮಾಡಿದವರು ಬೇರೆ ಯಾರೂ ಇಲ್ಲ. ಚಾರ್ವಿಗೆ ಕುರ್ಚಿ ಸಿಕ್ಕಿತು. ಶಾಲೆಯ ಗೇಟಿನಲ್ಲಿ ಇಬ್ಬರೂ ಝಾಲ್‌ಮುಡಿ ಕೊಂಡೆವು. ಮಂಡಕ್ಕಿಯ ಖಾರಕ್ಕೆ ಮೂಗು ಸೋರಿಸುತ್ತ ಅವಳು ಮನೆಯವರೆಗೂ ಕುಣಿಯುತ್ತಲೇ ಬಂದಳು. "ಬೇಜಾರು ಮಾಡ್ಬೇಡಿ ಪಪ್ಪಾ, ಫಸ್ಟ್ ಟೈಮ್‌ಗೆ ಫೈವ್ ಒಳ್ಳೇದೇ," ಎಂದು ನಡುವೆ ಸಮಾಧಾನವನ್ನೂ ಹೇಳಿದಳು.

ಸೋಮವಾರ ಕಚೇರಿಯಲ್ಲಿ ಅಭ್ಯಾಸಕ್ಕೆಂದು ಒಂದು ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ನಿವೃತ್ತರೊಬ್ಬರದು. ಅವರು ಮೂರು ಸಲ ಬರೆದಿದ್ದರು, ನಾನು ಮೂರು ಸಲವೂ 'ತಮ್ಮ ಮನವಿ ಪರಿಶೀಲನೆಯಲ್ಲಿದೆ' ಎಂದು ಉತ್ತರಿಸಿದ್ದೆ. ಅವರು ಕೇಳಿದ್ದು, ಮೊಣಕಾಲು ನೋವು, ಯಾವ ಬಾಗಿಲಿನಿಂದ ಬಂದರೆ ಲಿಫ್ಟ್ ಹತ್ತಿರ, ಎಂದು. ಅದನ್ನು ಮೂರು ತಿಂಗಳು ಪರಿಶೀಲಿಸಿದ್ದೆ! ಆಗಲೇ ಫೋನ್ ಮಾಡಿ ಹೇಳಿದೆ. ಎರಡು ದಿನದಲ್ಲಿ ಆ ಪುಣ್ಯಾತ್ಮರು ಲಿಫ್ಟಿನಲ್ಲೇ ಬಂದು, ನನ್ನ ಕೈ ಹಿಡಿದು ಅಲ್ಲಾಡಿಸಿದ ರಭಸಕ್ಕೆ ನನ್ನ ಚಹಾ ಚೆಲ್ಲಿತು.

ಇಷ್ಟಾದ ಮೇಲೆ ನನಗೆ ಓದು ಹತ್ತಿತು ಎಂದೇ ತಿಳಿದಿದ್ದೆ. ಮುಂದಿನ ಭಾನುವಾರ ಬೆಳಿಗ್ಗೆ ಚಾರ್ವಿ, ಕಥೆ ಓದಿಹೇಳುವ ಮಿಸ್ಸಾಗಿ, ತಾನೇ ಒಂದು ಕಥೆ ಬರೆದು ತಂದು ನನ್ನ ಮುಂದಿಟ್ಟಳು. ಅವಳಿಗೆ ಕನ್ನಡ ಬರೆಯಲು ಬರುವುದಿಲ್ಲವಾದ್ದರಿಂದ ಕಥೆ ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಹೇಳುವುದಾದರೆ ಹೀಗೆ: 'ಪಪ್ಪ ದಿನಾ ನನಗೆ ಪುಸ್ತಕ ಓದುತ್ತಾರೆ. ಪುಸ್ತಕದಲ್ಲಿ ಇಲ್ಲದ್ದನ್ನೂ ಓದುತ್ತಾರೆ. ಆನೆಗೆ ಶೀತ ಆಗಿದೆ ಎನ್ನುತ್ತಾರೆ. ನಾನು ನಗುತ್ತೇನೆ. ಆಗ ಪಪ್ಪ ಪುಸ್ತಕ ಮುಚ್ಚಿಟ್ಟು ಆನೆ ಸೀನುವುದನ್ನು ಮತ್ತೆ ಮತ್ತೆ ಮಾಡಿ ತೋರಿಸುತ್ತಾರೆ.' ಕೆಳಗೆ ಐದು ಪ್ರಶ್ನೆ. ಕೊನೆಯದು: ಪಪ್ಪನಿಗೆ ತುಂಬಾ ಇಷ್ಟ ಏನು?

ಇಷ್ಟು ಸುಲಭದ ಪ್ರಶ್ನೆಯೇ ಎಂದುಕೊಂಡು 'ಪುಸ್ತಕ' ಎಂದು ಬರೆದೆ. ಕೆಂಪು ಸ್ಕೆಚ್ ಪೆನ್ನಿನಲ್ಲಿ ತಪ್ಪು ಬಿತ್ತು.

"ಮತ್ತೆಂತ ಮಾರಾಯ್ತಿ? ಪುಸ್ತಕ ಅಂತ ಬರ್ದುಂಟಲ್ಲ!"

"ಪುಸ್ತಕ ಮುಚ್ಚಿಟ್ರು ಅಂತ್ಲೂ ಉಂಟು ಪಪ್ಪಾ. ಆನ್ಸರ್, ನಾನು ನಗೂದು."

ಅಡುಗೆಮನೆಯಿಂದ ಗಿರಿಜಾ, "ಎಷ್ಟ್ ಬಂತರೀ?" ಎಂದು ಕೂಗಿದಳು. ಹತ್ತಕ್ಕೆ ಆರು ಎಂದು ಹೆಮ್ಮೆಯಿಂದಲೇ ಹೇಳಿದೆ. ಅದರಲ್ಲಿ ಎರಡು ಅಂಕ ಒಳ್ಳೆಯ ಕೈಬರಹಕ್ಕೆ ಕೊಟ್ಟದ್ದು ಎಂಬುದನ್ನು ಮಾತ್ರ ಅವಳ ಊಹೆಗೇ ಬಿಟ್ಟೆ.